ಎಡಗಡೆಯ ಆಸನ

ಹುಬ್ಬಳ್ಳಿಯಿಂದ ದಕ್ಷಿಣಾಭಿಮುಖವಾಗಿ ಬೆಂಗಳೂರಿಗೆ ಹೊರಟ ರೈಲುಗಾಡಿಯು ಹಾವೇರಿ, ಬ್ಯಾಡಗಿ, ರಾಣೇಬೆನ್ನೂರುಗಳನ್ನು ಒಂದಾದ ಮೇಲೊಂದರಂತೆ ದಾಟಿ ಹೋಗುತ್ತದೆ. ಅದೇ ಬೆಂಗಳೂರಿಗೆ ಹುಬ್ಬಳ್ಳಿಯ ಗೋಕುಲ ರಸ್ತೆಯ ನಿಲ್ದಾಣದಿಂದ ಏರಿದ ವಿಮಾನವು ಸುಮಾರು ಒಂದು ಗಂಟೆಯ ಅವಧಿಯಲ್ಲಿ ತನ್ನ ಯಾತ್ರೆಯನ್ನೇ ಮುಗಿಸಿಬಿಡುತ್ತದೆ. 1997ರಲ್ಲಿ ಧಾರವಾಡದಿಂದ ಬೇರ್ಪಟ್ಟು ಸ್ವತಂತ್ರ ಜಿಲ್ಲೆಯಾದ ಹಾವೇರಿಗೆ ಸ್ವಂತದ ವಿಮಾನನಿಲ್ದಾಣವಿಲ್ಲ; ಉತ್ತರದಲ್ಲಿ ಹುಬ್ಬಳ್ಳಿ, ದಕ್ಷಿಣದಲ್ಲಿ 2023ರ ಫೆಬ್ರವರಿಯಲ್ಲಿ ಉದ್ಘಾಟನೆಗೊಂಡ ಶಿವಮೊಗ್ಗ, ಇವೆರಡರ ನಡುವೆ ಇಲ್ಲಿಯ ಜನ ತಮ್ಮ ತಮ್ಮ ಅನುಕೂಲವನ್ನು ನೋಡಿಕೊಳ್ಳಬೇಕು. ಹೀಗಿದ್ದರೂ ಪದವಿಪೂರ್ವ ತರಗತಿಗಳಲ್ಲಿ ವಿಜ್ಞಾನವನ್ನೋದುವ ಇಲ್ಲಿಯ ಹುಡುಗ ಹುಡುಗಿಯರು ವೈದ್ಯ, ಇಂಜಿನಿಯರ್ ಎಂಬ ಹಳೆಯ ಎರಡು ದಾರಿಗಳ ಪಕ್ಕದಲ್ಲಿ ಪೈಲಟ್ ಎಂಬ ಮೂರನೆಯ ದಾರಿಯನ್ನೂ ಎಣಿಸತೊಡಗಿರುವುದು ಆಶ್ಚರ್ಯದ ಸಂಗತಿಯಲ್ಲ. ಲೈಸೆನ್ಸು ದೊರೆತು, ಸಣ್ಣ ಊರುಗಳಿಗೆ ಹಾರುವ ಪ್ರಾದೇಶಿಕ ವಿಮಾನಸಂಸ್ಥೆಯೊಂದರಲ್ಲಿ ಕೆಲಸವೂ ದೊರೆತ ಮೇಲೆ, ಮುಂದಿನ ಏಳಿಗೆಯ ಮಾರ್ಗ ಹೇಗೆ, ಅದಕ್ಕೆ ಹಿಡಿಯುವ ಕಾಲವೆಷ್ಟು, ಅದು ಯಾರ ಕೈಯಲ್ಲಿದೆ ಎಂಬ ಪ್ರಶ್ನೆಯನ್ನು ತಂದೆತಾಯಿಗಳು ಶುಲ್ಕವನ್ನು ಕಟ್ಟುವ ಮೊದಲೇ ಕೇಳಬೇಕಾದುದು ನ್ಯಾಯ. ಆದರೆ ಅದನ್ನು ಕೇಳುವುದು ಬಹುಮಟ್ಟಿಗೆ ಶುಲ್ಕ ಕಟ್ಟಿಯಾದ ಮೇಲೆ.

ವಿಮಾನದ ಮುಂಭಾಗದ ಇಕ್ಕಟ್ಟಾದ ಕಾಕ್‌ಪಿಟ್ಟಿನಲ್ಲಿ ಎರಡು ಆಸನಗಳಿರುತ್ತವೆ. ಎಡಗಡೆಯದು ಕ್ಯಾಪ್ಟನ್ನನದು, ಬಲಗಡೆಯದು ಫಸ್ಟ್ ಆಫೀಸರನದು. ಇಬ್ಬರೂ ವಿಮಾನವನ್ನು ನಡೆಸಬಲ್ಲವರೇ. ಹೋಗುವಾಗಿನ ಸೆಕ್ಟರನ್ನು ಒಬ್ಬರು ನಡೆಸಿದರೆ ಬರುವಾಗಿನದನ್ನು ಇನ್ನೊಬ್ಬರು ನಡೆಸುವುದು ಸಾಮಾನ್ಯ ಪದ್ಧತಿ. ಆದರೂ ಪ್ರಯಾಣಿಕರ ಪ್ರಾಣದ ಹೊಣೆ, ಹೊರಡಬೇಕೆ ಬೇಡವೆ, ಇಳಿಯಬೇಕೆ ಬೇರೆ ಊರಿಗೆ ತಿರುಗಬೇಕೆ ಎಂಬ ಕೊನೆಯ ನಿರ್ಣಯ, ಇವು ಎಡಗಡೆಯ ಆಸನಕ್ಕೆ ಸೇರಿದವು. 2010ರ ಮೇ 22ರಂದು ಮಂಗಳೂರಿನಲ್ಲಿ 158 ಜನರನ್ನು ಬಲಿತೆಗೆದುಕೊಂಡ ಏರ್ ಇಂಡಿಯಾ ಎಕ್ಸ್‌ಪ್ರೆಸ್ ದುರಂತದ ತರುವಾಯ ಅಂಥ ಬೆಟ್ಟದ ನೆತ್ತಿಯ ನಿಲ್ದಾಣಗಳಲ್ಲಿ ಏರಿಸುವುದನ್ನೂ ಇಳಿಸುವುದನ್ನೂ ಕ್ಯಾಪ್ಟನ್ನನೇ ಮಾಡಬೇಕೆಂಬ ನಿಯಮ ಕಟ್ಟುನಿಟ್ಟಾಗಿ ಜಾರಿಯಲ್ಲಿದೆ. ಟ್ರೈನೀ ಫಸ್ಟ್ ಆಫೀಸರ್, ಫಸ್ಟ್ ಆಫೀಸರ್, ಸೀನಿಯರ್ ಫಸ್ಟ್ ಆಫೀಸರ್ ಎಂಬ ಹಂತಗಳಲ್ಲಿ ಹೆಗಲಿನ ಚಿನ್ನದ ಪಟ್ಟಿಗಳು ಒಂದೊಂದಾಗಿ ಹೆಚ್ಚುತ್ತ ಬಂದು, ನಾಲ್ಕನೆಯ ಪಟ್ಟಿ ಏರಿದ ದಿನ ಮನುಷ್ಯನು ಬಲದಿಂದ ಎಡಕ್ಕೆ ಸರಿಯುತ್ತಾನೆ. ಪೈಲಟ್ಟುಗಳ ಮಾತಿನಲ್ಲಿ ಇದಕ್ಕೆ 'ಕಮಾಂಡ್ ಸಿಗುವುದು' ಎಂದು ಹೆಸರು. ಮೂರಡಿಗಿಂತ ಹೆಚ್ಚಿಲ್ಲದ ಈ ಸರಿದಾಟವೇ ಆ ವೃತ್ತಿಯ ಪರಮ ಪದೋನ್ನತಿ. ಸಂಬಳ, ಗೌರವ, ಬೇರೆಡೆಯಲ್ಲಿ ದೊರೆಯುವ ಬೆಲೆ, ಎಲ್ಲವೂ ಅದರ ಆಚೆ ಒಂದು ಬಗೆ, ಈಚೆ ಇನ್ನೊಂದು ಬಗೆ.

ಮೊದಲು ಲೆಕ್ಕವನ್ನು ನೋಡಬೇಕು, ಏಕೆಂದರೆ ಈ ವೃತ್ತಿಯಲ್ಲಿ ಆಯುಷ್ಯವನ್ನು ವರ್ಷಗಳಿಂದ ಅಳೆಯದೆ ಗಂಟೆಗಳಿಂದ ಅಳೆಯುತ್ತಾರೆ. ಭೌತಶಾಸ್ತ್ರ ಮತ್ತು ಗಣಿತಗಳೊಡನೆ ಹನ್ನೆರಡನೆಯ ತರಗತಿಯನ್ನು ಮುಗಿಸಿ, ಹದಿನೆಂಟು ತುಂಬಿದವನು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ, ಎಲ್ಲರ ಬಾಯಲ್ಲಿ ಡಿಜಿಸಿಎ ಎನಿಸಿಕೊಂಡಿರುವ ಸಂಸ್ಥೆಯ, ಪರೀಕ್ಷೆಗಳಲ್ಲಿ ಉತ್ತೀರ್ಣನಾಗಿ, 200 ಗಂಟೆಗಳ ಹಾರಾಟವನ್ನು ಪೂರೈಸಿದರೆ ವಾಣಿಜ್ಯ ಪೈಲಟ್ ಲೈಸೆನ್ಸಿಗೆ ಅರ್ಹನಾಗುತ್ತಾನೆ. ಆ 200ರಲ್ಲಿ 100 ಗಂಟೆಗಳನ್ನು ತಾನೇ ಪ್ರಧಾನ ಚಾಲಕನಾಗಿ ಹಾರಿರಬೇಕು. ಆದರೆ ಎಡಗಡೆಯ ಆಸನಕ್ಕೆ ಬೇಕಾದುದು ಏರ್‌ಲೈನ್ ಟ್ರಾನ್ಸ್‌ಪೋರ್ಟ್ ಪೈಲಟ್ ಲೈಸೆನ್ಸು. ಅದಕ್ಕೆ ವಯಸ್ಸು 21, ಹಾರಾಟ ಕನಿಷ್ಠ 1,500 ಗಂಟೆ. ಒಬ್ಬ ಪೈಲಟ್ ವರ್ಷವೊಂದರಲ್ಲಿ 1,000 ಗಂಟೆಗಳನ್ನು ಮೀರಿ ಹಾರಕೂಡದೆಂಬ ನಿರ್ಬಂಧವಿರುವುದರಿಂದಲೂ, ವಾಸ್ತವವಾಗಿ ದೊರೆಯುವ ಹಾರಾಟ ಅದಕ್ಕಿಂತ ಸಾಕಷ್ಟು ಕಡಿಮೆಯಾಗಿರುವುದರಿಂದಲೂ, ವರ್ಷಕ್ಕೆ 700ರಿಂದ 800 ಗಂಟೆಗಳೆಂದು ಹಿಡಿದರೆ, ಉಳಿದ 1,300 ಗಂಟೆಗಳಿಗೆ ಎರಡು ವರ್ಷಗಳ ಸಮೀಪ ಬೇಕಾಗುತ್ತದೆ. ಇದು ಕಾನೂನಿನ ಕನಿಷ್ಠ. ಸಂಸ್ಥೆಗಳು ತಮ್ಮ ಜಾಗರೂಕತೆಗಾಗಿ, ವಿಮೆಯವರ ಒತ್ತಾಯಕ್ಕಾಗಿ, ಇದಕ್ಕಿಂತ ಬಹಳ ಹೆಚ್ಚನ್ನೇ ಕೇಳುವುದುಂಟು.

ಈ ಗಂಟೆಗಳನ್ನು ಕೂಡಿಸುವುದಕ್ಕೆ ಪ್ರಾದೇಶಿಕ ಸಂಸ್ಥೆಗಿಂತ ಒಳ್ಳೆಯ ಸ್ಥಳ ಇಲ್ಲವೆಂದು ಹಳಬರು ಹೇಳುವುದರಲ್ಲಿ ನಿಜವಿದೆ. ಭಾರತದಿಂದ ಸಾನ್ ಫ್ರಾನ್ಸಿಸ್ಕೋಗೆ ಹಾರುವ ಬೃಹದ್ವಿಮಾನದಲ್ಲಿ ಹದಿನಾರು ಗಂಟೆಗಳ ಕಾಲ ನಾಲ್ವರು ಪೈಲಟ್ಟುಗಳು ಸರದಿಯಿಂದ ಕುಳಿತು, ಕೊನೆಗೆ ಇಳಿಸುವ ಅವಕಾಶ ಅವರಲ್ಲಿ ಒಬ್ಬನಿಗೆ ಮಾತ್ರ ಒದಗುತ್ತದೆ. ಅಷ್ಟೇ ಗಂಟೆಗಳನ್ನು ಹುಬ್ಬಳ್ಳಿ, ಬೆಳಗಾವಿ, ಮೈಸೂರುಗಳ ದಾರಿಯಲ್ಲಿ ಕಳೆದವನು ಹದಿನೈದು ಹದಿನಾರು ಸಲ ಭೂಮಿಯನ್ನು ಮುಟ್ಟಿ ಏಳುವುದರಲ್ಲಿ ಪಾಲುಗೊಂಡಿರುತ್ತಾನೆ. ಇಂಥ ದಾರಿಗಳಲ್ಲಿ ಹೆಚ್ಚಾಗಿ ಕಾಣುವ ಎಟಿಆರ್-72, ಫ್ರಾನ್ಸಿನ ತುಲೂಸಿನಲ್ಲಿ ನಿರ್ಮಾಣವಾಗುವ, ಎರಡು ಪ್ರೊಪೆಲರುಗಳ, ಎಪ್ಪತ್ತರಿಂದ ಎಪ್ಪತ್ತೆಂಟು ಜನ ಹಿಡಿಸುವ ವಿಮಾನ; ಅದರ ಏರುವ ಮಿತಿ 25,000 ಅಡಿ. ಜೆಟ್ ವಿಮಾನಗಳು ಮೋಡಗಳನ್ನು ಕೆಳಗೆ ಬಿಟ್ಟು ಮೂವತ್ತೈದು ಸಾವಿರ ಅಡಿಯ ಮೇಲೆ ನಿರಾತಂಕವಾಗಿ ಸಾಗುವಾಗ ಎಟಿಆರ್ ಮಾತ್ರ ಪಶ್ಚಿಮಘಟ್ಟದ ಮುಂಗಾರಿನ ಮೋಡಗಳ ನಡುವೆಯೇ ದಾರಿಯನ್ನು ಹುಡುಕಿಕೊಂಡು ಹೋಗಬೇಕು. 2015ರ ಮಾರ್ಚ್ 8ರಂದು ಬೆಂಗಳೂರಿನಿಂದ ಹುಬ್ಬಳ್ಳಿಗೆ ಬಂದ ಸ್ಪೈಸ್‌ಜೆಟ್ ಸಂಸ್ಥೆಯ ಕ್ಯೂ-400 ವಿಮಾನ, ಅದೂ ಪ್ರೊಪೆಲರಿನದೇ, ಮಳೆಯಲ್ಲಿ ಇಳಿದು ರನ್‌ವೇಯ ಅಂಚನ್ನು ದಾಟಿ ಹೊರಕ್ಕೆ ಜಾರಿತು. ಒಳಗಿದ್ದವರೆಲ್ಲರೂ ಪ್ರಾಣಾಪಾಯವಿಲ್ಲದೆ ಪಾರಾದುದು ಭಾಗ್ಯ. ಸಣ್ಣ ಊರಿನ ಸಣ್ಣ ವಿಮಾನವೆಂಬ ಸಲಿಗೆ ಎಲ್ಲಿಯೂ ಸಲ್ಲದು. ಅಲ್ಲಿ ಪಳಗಿದ ಕೈ ಎಲ್ಲಿಯೂ ಸಲ್ಲುತ್ತದೆ ಎಂಬುದಕ್ಕೂ ಅದೇ ಕಾರಣ.

ಗಂಟೆಗಳು ತುಂಬಿದ ಮಾತ್ರಕ್ಕೆ ಕಮಾಂಡ್ ತಾನಾಗಿ ಬರುವುದಿಲ್ಲ. ಲಿಖಿತ ಪರೀಕ್ಷೆ, ಮೌಖಿಕ ಪರೀಕ್ಷೆ, ಸಿಮ್ಯುಲೇಟರಿನಲ್ಲಿ ಎಂಜಿನ್ ಕೆಟ್ಟುದು, ಬೆಂಕಿ ಹೊತ್ತಿದುದು, ರನ್‌ವೇ ಕಾಣದೆ ಹೋದುದು ಮೊದಲಾದ ಕೃತಕ ಸಂಕಟಗಳ ಸರಮಾಲೆ, ಅದನ್ನು ದಾಟಿದವನಿಗೆ ತರಬೇತುದಾರ ಕ್ಯಾಪ್ಟನ್ನನನ್ನು ಬಲಗಡೆಯಲ್ಲಿ ಕೂರಿಸಿಕೊಂಡು ತಾನು ಎಡಗಡೆಯಲ್ಲಿ ಕುಳಿತು ನಡೆಸುವ ಹಲವು ಹತ್ತು ಸೆಕ್ಟರುಗಳು, ಕೊನೆಯಲ್ಲಿ ಪರೀಕ್ಷಕನ ಒಪ್ಪಿಗೆ, ಹೀಗೆ ಸಾಗುತ್ತದೆ ಕ್ರಮ. ಹೊರಗಿನವರು ಇಷ್ಟನ್ನು ನೋಡಿ ಯೋಗ್ಯತೆಯೊಂದೇ ಇಲ್ಲಿ ನಿರ್ಣಾಯಕವೆಂದು ತಿಳಿಯುವುದು ಸಹಜ. ಆದರೆ ಪರೀಕ್ಷೆಗೆ ಕರೆ ಬರಬೇಕಾದರೆ ಎಡಗಡೆಯಲ್ಲಿ ಒಂದು ಆಸನ ತೆರವಾಗಿರಬೇಕಷ್ಟೆ. ಒಂದು ವಿಮಾನಕ್ಕೆ ಐದಾರು ಜೋಡಿ ಪೈಲಟ್ಟುಗಳು ಸಾಕಾಗುತ್ತಾರೆ. ಹತ್ತು ವಿಮಾನಗಳ ಸಂಸ್ಥೆಯಲ್ಲಿ ಐವತ್ತು ಅರವತ್ತು ಕ್ಯಾಪ್ಟನ್ನರಿಗೆ ಮೀರಿ ಸ್ಥಾನವಿಲ್ಲ. ಅವರು ಅರುವತ್ತೈದರ ವರೆಗೆ ಹಾರಲು ಅವಕಾಶವುಳ್ಳವರು. ಕೆಲಸಕ್ಕೆ ಸೇರಿದ ದಿನಾಂಕದ ಮೇಲೆ ಬರೆದಿಟ್ಟ ಸೀನಿಯಾರಿಟಿ ಪಟ್ಟಿಯಲ್ಲಿ ತನ್ನ ಮೇಲಿನ ಹೆಸರುಗಳು ಕರಗಬೇಕಾದರೆ ಇರುವುದು ಎರಡೇ ದಾರಿ: ಮೇಲಿನವರು ಬಿಟ್ಟುಹೋಗಬೇಕು, ಇಲ್ಲವೆ ಹೊಸ ವಿಮಾನಗಳು ಬರಬೇಕು. ಬೆಳೆಯುತ್ತಿರುವ ಸಂಸ್ಥೆಯಲ್ಲಿ ಮೂರು ನಾಲ್ಕು ವರ್ಷಕ್ಕೆ ದೊರೆಯಬಹುದಾದ ಕಮಾಂಡ್ ನಿಂತುಹೋದ ಸಂಸ್ಥೆಯಲ್ಲಿ ಎಂಟು ಹತ್ತು ವರ್ಷಕ್ಕೂ ದೊರೆಯದಿರಬಹುದು, ಇಬ್ಬರು ಪೈಲಟ್ಟುಗಳ ಯೋಗ್ಯತೆಯೂ ಒಂದೇ ಆಗಿದ್ದರೂ ಕೂಡ. ಪೈಲಟ್ಟನ ಏಳಿಗೆ ಅವನ ಕೈಯಲ್ಲಿರುವುದಕ್ಕಿಂತ ಹೆಚ್ಚಾಗಿ ಅವನ ಸಂಸ್ಥೆಯ ಆಯುಷ್ಯದಲ್ಲಿದೆ. ಪ್ರಾದೇಶಿಕ ಸಂಸ್ಥೆಗಳ ವಿಷಯದಲ್ಲಿ ನಾನು ಒತ್ತಿ ಹೇಳಬೇಕೆಂದಿರುವ ಮಾತು ಇದೊಂದೇ.

ಆ ಆಯುಷ್ಯದ ಕಥೆಯನ್ನು ತಿಳಿಯಲು ಹಾವೇರಿಯವರು ದೂರ ಹೋಗಬೇಕಾಗಿಲ್ಲ, ಹುಬ್ಬಳ್ಳಿಯ ನಿಲ್ದಾಣದ ಇತಿಹಾಸವನ್ನು ನೋಡಿದರೆ ಸಾಕು. ಹಾಸನ ಜಿಲ್ಲೆಯ ಗೊರೂರಿನವರಾದ ಕ್ಯಾಪ್ಟನ್ ಜಿ. ಆರ್. ಗೋಪಿನಾಥ್, ಇವರ 'ಕ್ಯಾಪ್ಟನ್' ಸೈನ್ಯದ ಪದವಿಯೇ ಹೊರತು ವಿಮಾನದ್ದಲ್ಲ, 2003ರ ಆಗಸ್ಟಿನಲ್ಲಿ ಏರ್ ಡೆಕ್ಕನ್ ಸಂಸ್ಥೆಯನ್ನು ಹಾರಿಸಿದಾಗ ಅದರ ಎಟಿಆರ್ ವಿಮಾನಗಳು ಮೊದಲ ದಿನಗಳಲ್ಲಿಯೇ ಬೆಂಗಳೂರಿನಿಂದ ಹುಬ್ಬಳ್ಳಿಗೆ ಬಂದವು. ನಾಲ್ಕೇ ವರ್ಷಗಳಲ್ಲಿ ಆ ಸಂಸ್ಥೆಯ ವಿಮಾನಗಳು ನಲವತ್ತರ ಸುಮಾರಿಗೆ ಮುಟ್ಟಿದುವೆಂದರೆ, ಅಂದು ಅಲ್ಲಿ ಬಲಗಡೆ ಕುಳಿತಿದ್ದ ತರುಣರ ಭಾಗ್ಯವೇ ಭಾಗ್ಯ. ದೇಶದಲ್ಲಿ ಕ್ಯಾಪ್ಟನ್ನರು ಸಾಲದೆ ವಿದೇಶೀಯರನ್ನು ತಾತ್ಕಾಲಿಕ ಪರವಾನಗಿಯ ಮೇಲೆ ಕರೆತಂದು ಕೂರಿಸಿದ ಕಾಲ ಅದು. 2007ರಲ್ಲಿ ಕಿಂಗ್‌ಫಿಷರ್ ವಿಮಾನಸಂಸ್ಥೆಯ ಒಡೆತನವುಳ್ಳ ಯುಬಿ ಸಮೂಹ ಅದರಲ್ಲಿ ಪಾಲನ್ನು ಕೊಂಡಿತು. ಡೆಕ್ಕನ್ ಎಂಬುದು ಕಿಂಗ್‌ಫಿಷರ್ ರೆಡ್ ಆಯಿತು. 2012ರ ಅಕ್ಟೋಬರಿನಲ್ಲಿ ಕಿಂಗ್‌ಫಿಷರೇ ನೆಲಕ್ಕಿಳಿದು ಮತ್ತೆ ಏಳಲಿಲ್ಲ. 2015ರ ಏಪ್ರಿಲ್ 12ರಂದು ಬೆಂಗಳೂರಿನ ಏರ್ ಪೆಗಾಸಸ್ ಎಂಬ ಪ್ರಾದೇಶಿಕ ಸಂಸ್ಥೆ ತನ್ನ ಪ್ರಪ್ರಥಮ ಹಾರಾಟವನ್ನು ಹುಬ್ಬಳ್ಳಿಗೇ ನಡೆಸಿತು. ವರ್ಷವೊಂದು ತುಂಬಿ ಕೆಲವು ತಿಂಗಳು ಕಳೆಯುವಷ್ಟರಲ್ಲಿ, 2016ರ ಜುಲೈ ಅಂತ್ಯಕ್ಕೆ, ಅದೂ ನಿಂತಿತು. ಅಲ್ಲಿಗೆ ಹೊಸದಾಗಿ ಸೇರಿದ ಒಬ್ಬ ಫಸ್ಟ್ ಆಫೀಸರನಿಗೆ 1,500 ಗಂಟೆಗಳು ತುಂಬುವುದಕ್ಕೂ ಅವಕಾಶವಾಗಲಿಲ್ಲವೆಂಬುದು ಸಾಮಾನ್ಯ ಗಣಿತ. 2019ರ ಜನವರಿ 25ರಂದು ಸಂಜಯ ಘೋಡಾವತ್ ಸಮೂಹದ ಸ್ಟಾರ್ ಏರ್ ಕೂಡ ಬೆಂಗಳೂರು-ಹುಬ್ಬಳ್ಳಿಯನ್ನೇ ಆರಂಭದ ದಾರಿಯನ್ನಾಗಿ ಆರಿಸಿಕೊಂಡಿತು. ಐವತ್ತು ಆಸನಗಳ ಎಂಬ್ರೇಯರ್-145 ಜೆಟ್ಟುಗಳಿಂದ ಮೊದಲ್ಗೊಂಡು 2023ರಲ್ಲಿ ದೊಡ್ಡದಾದ ಎಂಬ್ರೇಯರ್-175ಕ್ಕೆ ಬೆಳೆದ ಅದು ಸಣ್ಣದಾದರೂ ಬದುಕಿ ಬಾಳುತ್ತಿದೆ. ಮೂರು ಸಂಸ್ಥೆಗಳಲ್ಲಿ ಒಂದು ಉಳಿದಿದೆ. ಬೇರೆ ವ್ಯಾಪಾರಗಳಲ್ಲಿ ಇದನ್ನು ಕೆಟ್ಟ ಪ್ರಮಾಣವೆನ್ನಬಹುದು. ವಿಮಾನದ ವ್ಯಾಪಾರದಲ್ಲಿ ಹಾಗೆನ್ನುವಂತಿಲ್ಲ.

ಸರಕಾರದ ಕೈಯೂ ಇದರಲ್ಲಿ ಇಲ್ಲವೆಂದಲ್ಲ. 1981ರಲ್ಲಿ ಸಣ್ಣ ಊರುಗಳಿಗಾಗಿಯೇ ವಾಯುದೂತ್ ಸಂಸ್ಥೆಯನ್ನು ಸ್ಥಾಪಿಸಿ, ಮುಂದಿನ ದಶಕದಲ್ಲಿ ಅದನ್ನು ಇಂಡಿಯನ್ ಏರ್‌ಲೈನ್ಸಿನಲ್ಲಿ ಕರಗಿಸಿಬಿಟ್ಟದ್ದು ಹಳೆಯ ಮಾತು. 2016ರಲ್ಲಿ ಪ್ರಕಟವಾಗಿ 2017ರ ಏಪ್ರಿಲಿನಲ್ಲಿ ಶಿಮ್ಲಾ-ದಿಲ್ಲಿ ಹಾರಾಟದಿಂದ ಕಾರ್ಯಕ್ಕಿಳಿದ ಉಡಾನ್ ಯೋಜನೆಯು ಒಂದು ಗಂಟೆಯ ಪ್ರಯಾಣಕ್ಕೆ 2,500 ರೂಪಾಯಿಗಳ ಮಿತಿಯನ್ನು ವಿಧಿಸಿ, ನಷ್ಟವನ್ನು ಮೂರು ವರ್ಷಗಳ ಕಾಲ ತುಂಬಿಕೊಡುವ ಏರ್ಪಾಡನ್ನು ಮಾಡಿತು. ಫಲವೇನೆಂಬುದನ್ನು ಮಹಾಲೇಖಪಾಲರ 2023ರ ವರದಿ ಲೆಕ್ಕ ಹಾಕಿದೆ: ಯೋಜನೆಯ ಮೊದಲ ಮೂರು ಸುತ್ತುಗಳಲ್ಲಿ ಹಂಚಿದ 774 ಮಾರ್ಗಗಳಲ್ಲಿ ಹಾರಾಟ ಆರಂಭವಾದದ್ದು 371ರಲ್ಲಿ, ಅವುಗಳಲ್ಲಿ ಮೂರು ವರ್ಷದ ಸಹಾಯಾವಧಿಯನ್ನು ಪೂರೈಸಿದ್ದು 112, ಸಹಾಯ ನಿಂತ ಮೇಲೂ 2023ರ ಮಾರ್ಚಿನ ತನಕ ಉಳಿದಿದ್ದುದು 54. ಬೀದರಿಗೆ 2020ರ ಫೆಬ್ರವರಿಯಲ್ಲಿ ಬೆಂಗಳೂರಿನ ಸಂಪರ್ಕವನ್ನು ಒದಗಿಸಿದ ಟ್ರೂಜೆಟ್, ಎರಡು ವರ್ಷ ಕಳೆಯುವುದರೊಳಗೆ ತಾನೇ ನಿಂತುಹೋಯಿತು. ಪ್ರಯಾಣಿಕನಿಗೆ ಇಂಥ ಅಂಕಿಗಳ ಅರ್ಥ, ನಾಳೆ ರೈಲಿಗೆ ಹೋಗಬೇಕು ಎಂಬಷ್ಟೇ. ಪೈಲಟ್ಟನಿಗೆ ಅರ್ಥ ಬೇರೆ: ಮಾರ್ಗ ಮುಚ್ಚಿದರೆ ಬಾಡಿಗೆಗೆ ತಂದ ವಿಮಾನ ಅದರ ಒಡೆಯನಲ್ಲಿಗೆ ಹಿಂದಿರುಗುತ್ತದೆ, ಅದರೊಂದಿಗೆ ಐದಾರು ಎಡಗಡೆಯ ಆಸನಗಳೂ ಹೊರಟುಹೋಗುತ್ತವೆ.

ಹೀಗೆ ಕೆಲಸವಿಲ್ಲದೆ ಕುಳಿತ ಪೈಲಟ್ಟನ ಸ್ಥಿತಿಯನ್ನು ಬ್ಯಾಡಗಿಯ ರೈತನಿಗೆ ತಿಳಿಸುವುದು ಸುಲಭ. 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯನ್ನು ಪಡೆದ ಬ್ಯಾಡಗಿ ಮೆಣಸಿನಕಾಯಿಗೆ ಬೆಲೆ ಇಳಿದ ವರ್ಷ, ತಾಳ್ಮೆಯೂ ಸ್ವಲ್ಪ ಹಣವೂ ಉಳ್ಳವನು ಚೀಲಗಳನ್ನು ಶೀತಗೃಹದಲ್ಲಿ ಇರಿಸಿ ಕಾಯುತ್ತಾನೆ; ಬಣ್ಣ ಕೆಡದೆ ಉಳಿದರೆ ಮುಂದೆ ಬೆಲೆ ಬಂದೀತು. ಪೈಲಟ್ಟನ ಲೈಸೆನ್ಸಿಗೆ ಅಂಥ ಶೀತಗೃಹವಿಲ್ಲ. ತೊಂಬತ್ತು ದಿನಗಳಲ್ಲಿ ಮೂರು ಸಲ ಏರಿಸಿ ಇಳಿಸದವನು ಪ್ರಯಾಣಿಕರನ್ನು ಕೂರಿಸಿಕೊಂಡು ಹಾರುವಂತಿಲ್ಲ. ಉಪಕರಣಗಳ ಆಧಾರದ ಮೇಲೆ ಹಾರುವ ಅರ್ಹತೆ, ಅಂದರೆ ಇನ್‌ಸ್ಟ್ರುಮೆಂಟ್ ರೇಟಿಂಗ್, ವರ್ಷವರ್ಷಕ್ಕೂ ನವೀಕರಣಗೊಳ್ಳಬೇಕು. ಶರೀರಾರೋಗ್ಯದ ಪರೀಕ್ಷೆಯೂ ಹಾಗೆಯೇ. ಸಂಸ್ಥೆಯಿದ್ದಾಗ ಇವೆಲ್ಲದರ ವೆಚ್ಚ ಸಂಸ್ಥೆಯದು. ಸಂಸ್ಥೆ ಮುಚ್ಚಿದ ಮರುದಿನದಿಂದ ಅದು ಪೈಲಟ್ಟನದು. 2019ರ ಏಪ್ರಿಲಿನಲ್ಲಿ ಜೆಟ್ ಏರ್‌ವೇಸ್, 2023ರ ಮೇ ತಿಂಗಳಲ್ಲಿ ಗೋ ಫಸ್ಟ್ ನಿಂತಾಗ ದೊಡ್ಡ ಸಂಸ್ಥೆಗಳ ನೌಕರರಿಗೂ ಈ ಗತಿ ತಪ್ಪಲಿಲ್ಲವೆಂಬುದನ್ನು ಮರೆಯಬಾರದು. ಆದರೂ ಒಂದು ಸಮಾಧಾನವುಂಟು. ಲಾಗ್‌ಬುಕ್ಕಿನಲ್ಲಿ ಬರೆದ ಗಂಟೆಗಳು ಸಂಸ್ಥೆಯ ಆಸ್ತಿಯಲ್ಲ, ಪೈಲಟ್ಟನ ಆಸ್ತಿ. ಸಂಸ್ಥೆ ಸತ್ತರೂ ಅವು ಸಾಯುವುದಿಲ್ಲ. ಕ್ಯಾಪ್ಟನ್ನನಾಗಿ ಹಾರಿದ ಗಂಟೆಗಳಂತೂ ಎಲ್ಲಿ ಹೋದರೂ ಮೊದಲು ಕೇಳಲ್ಪಡುವವು.

ಪ್ರಾದೇಶಿಕ ಸಂಸ್ಥೆಯಿಂದ ದೊಡ್ಡ ಸಂಸ್ಥೆಗೆ ಏರುವುದನ್ನೇ ಏಳಿಗೆಯೆಂದು ಎಣಿಸುವ ಪದ್ಧತಿ ಅಮೆರಿಕದಿಂದ ಬಂದದ್ದು. ಅಲ್ಲಿ ಸಣ್ಣ ಸಂಸ್ಥೆಗಳು ದೊಡ್ಡವುಗಳ ಹೆಸರಿನಲ್ಲಿಯೇ ಹಾರುತ್ತವೆ, ಸಣ್ಣದರಿಂದ ದೊಡ್ಡದಕ್ಕೆ ಸಾಲಾಗಿ ಸಾಗುವ ಒಪ್ಪಂದಗಳೂ ಇವೆ. 2009ರ ಫೆಬ್ರವರಿಯಲ್ಲಿ ಬಫಲೋ ನಗರದ ಬಳಿ ಕೋಲ್ಗನ್ ಏರ್ ಎಂಬ ಪ್ರಾದೇಶಿಕ ಸಂಸ್ಥೆಯ ವಿಮಾನ ಬಿದ್ದು 50 ಜನ ಮಡಿದ ಮೇಲೆ, ಅಲ್ಲಿ ಬಲಗಡೆಯ ಆಸನಕ್ಕೂ ಸಾಮಾನ್ಯವಾಗಿ 1,500 ಗಂಟೆಗಳು ಬೇಕೆಂಬ ಕಾನೂನು 2013ರಿಂದ ಜಾರಿಗೆ ಬಂತು. ನಮ್ಮಲ್ಲಿ ಹಾಗಲ್ಲ. 200 ಗಂಟೆಗಳ ತರುಣನು ನೇರವಾಗಿ ದೊಡ್ಡ ಸಂಸ್ಥೆಯ ಏರ್‌ಬಸ್ಸಿನ ಬಲಗಡೆಯಲ್ಲಿಯೇ ಕೂರಬಹುದು. ಅದಕ್ಕಾಗಿ ಸಂಸ್ಥೆಗಳ ಕೆಡೆಟ್ ಯೋಜನೆಗಳಿವೆ, ಅವುಗಳ ವೆಚ್ಚ ಒಂದು ಕೋಟಿಯ ಆಸುಪಾಸಿನದು. ಹೀಗಿರುವಾಗ ಪ್ರಾದೇಶಿಕ ಸಂಸ್ಥೆ ನಮ್ಮಲ್ಲಿ ಅನಿವಾರ್ಯವಾದ ಮೊದಲ ಹೆಜ್ಜೆಯಲ್ಲ, ಹಲವು ಬಾಗಿಲುಗಳಲ್ಲಿ ಒಂದು. ಎಷ್ಟೋ ಜನಕ್ಕೆ ತೆರೆದ ಬಾಗಿಲು ಅದೊಂದೇ ಎಂಬುದು ಬೇರೆ ಮಾತು.

ಆ ಬಾಗಿಲಿನಿಂದ ಒಳಹೊಕ್ಕವರಿಗೆ ಕೆಲವು ವರ್ಷಗಳ ಮೇಲೆ ಒಂದು ವಿಚಿತ್ರವಾದ ಇಕ್ಕಟ್ಟು ಎದುರಾಗುತ್ತದೆ. ಎಟಿಆರಿನ ಕ್ಯಾಪ್ಟನ್ ಆದವನು ಏರ್‌ಬಸ್ ಅಥವಾ ಬೋಯಿಂಗಿಗೆ ಹೋಗಬೇಕೆಂದರೆ ಆ ವಿಮಾನದ ಟೈಪ್ ರೇಟಿಂಗ್ ಎಂಬ ಪ್ರತ್ಯೇಕ ಅರ್ಹತೆಯನ್ನು ಹೊಸದಾಗಿ ಗಳಿಸಬೇಕು. ಅನೇಕ ಸಲ ನಾಲ್ಕು ಪಟ್ಟಿಗಳನ್ನು ತೆಗೆದಿಟ್ಟು ಮೂರು ಪಟ್ಟಿಗಳೊಡನೆ ಮತ್ತೆ ಬಲಗಡೆಗೆ ಸರಿಯಬೇಕು. ಹೊಸ ಸಂಸ್ಥೆಯ ಸೀನಿಯಾರಿಟಿ ಪಟ್ಟಿಯ ಬುಡದಿಂದ ಪುನಃ ಏರಬೇಕು. ಮಕ್ಕಳು ಶಾಲೆಗೆ ಹೋಗುತ್ತಿರುವಾಗ, ಸಾಲದ ಕಂತು ಇನ್ನೂ ತೀರದಿರುವಾಗ, ಇದನ್ನು ಒಪ್ಪಿಕೊಳ್ಳುವುದು ಸುಲಭವಲ್ಲ. ಹಾಗೆಂದು ಅಲ್ಲಿಯೇ ಉಳಿದರೆ, ಜೆಟ್ ಹಾರಾಟದ ಗಂಟೆಗಳನ್ನು ಕೇಳುವ ದೊಡ್ಡ ಸಂಸ್ಥೆಗಳ ಬಾಗಿಲು ವರ್ಷ ಕಳೆದಂತೆ ಕಿರಿದಾಗುತ್ತ ಹೋಗುತ್ತದೆ. ನನ್ನ ಅಭಿಪ್ರಾಯದಲ್ಲಿ ಹೋಗುವವನು ಬೇಗ ಹೋಗುವುದು ಲೇಸು, ಉಳಿಯುವವನು ಉಳಿಯುತ್ತೇನೆಂದು ನಿಶ್ಚಯಿಸಿ ಉಳಿಯುವುದು ಲೇಸು. ಎರಡರ ನಡುವೆ ತೂಗಾಡುತ್ತ ಹತ್ತು ವರ್ಷ ಕಳೆದವನಿಗೆ ಎರಡೂ ಕೈತಪ್ಪುತ್ತವೆ. ಇಂಡಿಗೋ ಸಂಸ್ಥೆಯ ಎಟಿಆರ್‌ಗಳಲ್ಲಿ ಇರುವವರ ಸ್ಥಿತಿ ಈ ದೃಷ್ಟಿಯಿಂದ ಮೇಲು: 2017ರ ಕೊನೆಯಲ್ಲಿ ಆರಂಭವಾದ ಆ ಶಾಖೆಯಲ್ಲಿ ಈಗ ನಲವತ್ತಕ್ಕೂ ಹೆಚ್ಚು ವಿಮಾನಗಳಿದ್ದು, ಒಂದೇ ಸೂರಿನ ಕೆಳಗೆ ಏರ್‌ಬಸ್ಸೂ ಇರುವುದರಿಂದ, ಸಂಸ್ಥೆಯನ್ನು ಬಿಡದೆಯೇ ವಿಮಾನವನ್ನು ಬದಲಿಸುವ ಆಸೆಯನ್ನು ಇಟ್ಟುಕೊಳ್ಳಬಹುದು. ಸರಕಾರದ ಕೈಯಲ್ಲೇ ಉಳಿದ ಅಲಯನ್ಸ್ ಏರ್, 2024ರ ಮಾರ್ಚಿನಲ್ಲಿ ಗೋವೆಯಿಂದ ಹೊರಟ ಫ್ಲೈ91, ಇವೂ ಎಟಿಆರನ್ನೇ ಹಾರಿಸುವುದರಿಂದ ಎಟಿಆರ್ ಕಲಿತವನಿಗೆ ದೇಶದಲ್ಲಿ ಒಂದಕ್ಕಿಂತ ಹೆಚ್ಚು ಮನೆಗಳುಂಟು. ಎಂಬ್ರೇಯರ್ ಕಲಿತವನಿಗೆ ಜೆಟ್ಟಿನ ಗಂಟೆಗಳ ಲಾಭ ಹೌದು. ಆದರೆ ಸ್ಟಾರ್ ಏರ್ ಬಿಟ್ಟರೆ ನಿಗದಿತ ಸಂಚಾರದಲ್ಲಿ ಆ ವಿಮಾನವನ್ನು ಹಾರಿಸುವ ಬೇರೆ ಸಂಸ್ಥೆ ಇಂದು ಭಾರತದಲ್ಲಿಲ್ಲ. ಚೆನ್ನೈಯ ಪ್ಯಾರಮೌಂಟ್ ಏರ್‌ವೇಸ್ ಅದನ್ನೇ ಹಾರಿಸಿ 2010ರಲ್ಲಿ ಮುಚ್ಚಿಹೋಯಿತು.

ಬಿಟ್ಟುಹೋಗುವುದಕ್ಕೂ ಕಟ್ಟಳೆಯುಂಟು. 2017ರಲ್ಲಿ ಡಿಜಿಸಿಎ ವಿಧಿಸಿದ ಪ್ರಕಾರ ಫಸ್ಟ್ ಆಫೀಸರನು ಆರು ತಿಂಗಳು, ಕ್ಯಾಪ್ಟನ್ನನು ಒಂದು ವರ್ಷ ಮೊದಲೇ ನೋಟಿಸ್ ಕೊಡಬೇಕು. 2023ರಲ್ಲಿ ಆಕಾಸಾ ಏರ್ ಸಂಸ್ಥೆಯು ನೋಟಿಸ್ ಅವಧಿಯನ್ನು ಪೂರೈಸದೆ ಹೋದ ತನ್ನ 43 ಪೈಲಟ್ಟುಗಳ ವಿಷಯದಲ್ಲಿ ನ್ಯಾಯಾಲಯಕ್ಕೆ ಹೋದುದು ಪತ್ರಿಕೆಗಳಲ್ಲೆಲ್ಲ ಬಂತು. ಇದಲ್ಲದೆ, ಟೈಪ್ ರೇಟಿಂಗಿನ ವೆಚ್ಚವನ್ನು ಸಂಸ್ಥೆಯೇ ಹೊತ್ತರೆ ಇಷ್ಟು ವರ್ಷ ಇಲ್ಲಿಯೇ ದುಡಿಯುತ್ತೇನೆಂಬ ಬಾಂಡ್‌ಪತ್ರಕ್ಕೆ ಸಹಿ ಮಾಡಿಸಿಕೊಳ್ಳುವುದು ವಾಡಿಕೆ. ಆ ಪತ್ರವನ್ನು ತಂದೆಯೂ ಮಗನೂ ಕೂಡಿ ಕುಳಿತು ಪೂರ್ತಿ ಓದತಕ್ಕದ್ದು.

ಇನ್ನು ಪತ್ರಿಕೆಗಳಲ್ಲಿ ಪದೇ ಪದೇ ಕಾಣುವ 'ಪೈಲಟ್ಟುಗಳ ಕೊರತೆ'ಯ ವಿಷಯ. 2023ರಲ್ಲಿ ಏರ್ ಇಂಡಿಯಾ 470 ವಿಮಾನಗಳಿಗೂ ಇಂಡಿಗೋ 500 ವಿಮಾನಗಳಿಗೂ ಬೇಡಿಕೆ ಸಲ್ಲಿಸಿದ ಮೇಲೆ ಈ ಮಾತು ಮತ್ತಷ್ಟು ಜೋರಾಯಿತು. ಸುಳ್ಳಲ್ಲ; ಆದರೆ ಕೊರತೆಯಿರುವುದು ಕ್ಯಾಪ್ಟನ್ನರಿಗೆ, ತರಬೇತಿ ಕೊಡಬಲ್ಲ ಹಿರಿಯರಿಗೆ. ಹೊಸ ಲೈಸೆನ್ಸಿನವರ ವಿಷಯ ಹಾಗಲ್ಲ. 2022ರಲ್ಲಿ 1,165, 2023ರಲ್ಲಿ 1,622 ವಾಣಿಜ್ಯ ಲೈಸೆನ್ಸುಗಳನ್ನು ಡಿಜಿಸಿಎ ಕೊಟ್ಟಿದೆ; ಅವರೆಲ್ಲರೂ ಅದೇ ಬಲಗಡೆಯ ಆಸನಕ್ಕಾಗಿ ಸಾಲುನಿಂತವರು. ಒಂದು ಕಡೆ ಕೊರತೆ, ಇನ್ನೊಂದು ಕಡೆ ನಿರುದ್ಯೋಗ, ಎರಡೂ ಏಕಕಾಲದಲ್ಲಿ ಸತ್ಯವಾಗಿರುವ ವೃತ್ತಿ ಇದು. ತರಬೇತಿ ಸಂಸ್ಥೆಗಳ ಜಾಹೀರಾತುಗಳು ಮೊದಲಿನದನ್ನು ಮಾತ್ರ ಹೇಳುತ್ತವೆ. ಕೊರತೆಯ ಫಲವನ್ನು ಉಣ್ಣುವವನು ಬಲಗಡೆಯಲ್ಲಿ ತಾಳಿಕೊಂಡು ಗಂಟೆಗಳನ್ನು ಕೂಡಿಸಿದವನು. ಆ ದೃಷ್ಟಿಯಿಂದ ಸಣ್ಣ ಸಂಸ್ಥೆಯ ಕೆಲಸವನ್ನು ಕೀಳೆಂದು ಬಿಟ್ಟು ಏರ್‌ಬಸ್ಸಿಗಾಗಿ ವರ್ಷಗಟ್ಟಲೆ ಕಾಯುವುದು ಅವಿವೇಕ.

ಎಡಗಡೆಯ ಆಸನವನ್ನು ಮುಟ್ಟಿದ ಮೇಲೆ ಏಳಿಗೆ ಮುಗಿಯಿತೆಂದಲ್ಲ. ಲೈನ್ ಟ್ರೈನಿಂಗ್ ಕ್ಯಾಪ್ಟನ್, ಇನ್‌ಸ್ಟ್ರಕ್ಟರ್, ಪರೀಕ್ಷಕ, ವಿಮಾನ ಸುರಕ್ಷತೆಯ ಮುಖ್ಯಸ್ಥ, ಚೀಫ್ ಪೈಲಟ್ ಎಂಬ ಹುದ್ದೆಗಳುಂಟು. ದೊಡ್ಡ ಸಂಸ್ಥೆಯಲ್ಲಿ ನೂರಾರು ಜನರ ಹಿಂದೆ ನಿಂತು ಕಾಯಬೇಕಾದ ಇವು ಸಣ್ಣ ಸಂಸ್ಥೆಯಲ್ಲಿ ಮೂವತ್ತೈದರ ವಯಸ್ಸಿಗೇ ದೊರೆಯಲೂಬಹುದು. ಪ್ರಾದೇಶಿಕ ಸಂಸ್ಥೆಯ ನಿಜವಾದ ಲಾಭ ಇದೇ ಎನ್ನಬೇಕು, ಆದರೆ ಇದರ ಮಾತನ್ನು ಯಾರೂ ಎತ್ತುವುದಿಲ್ಲ. ಹೆಣ್ಣುಮಕ್ಕಳ ವಿಷಯದಲ್ಲಿಯೂ ನಮ್ಮ ದೇಶದ ದಾಖಲೆ ಹೆಮ್ಮೆಪಡತಕ್ಕದ್ದು: ಇಲ್ಲಿಯ ಪೈಲಟ್ಟುಗಳಲ್ಲಿ ನೂರಕ್ಕೆ ಹದಿನೈದರಷ್ಟು ಮಹಿಳೆಯರು, ಪ್ರಪಂಚದ ಬಹುತೇಕ ರಾಷ್ಟ್ರಗಳಿಗಿಂತ ಬಹಳ ಹೆಚ್ಚು. ಸೀನಿಯಾರಿಟಿ ಪಟ್ಟಿಯಲ್ಲಿ ಹೆಣ್ಣು ಗಂಡೆಂಬ ಕಾಲಮ್ ಇಲ್ಲ. ದಣಿವಿನ ಬಗ್ಗೆ ಒಂದು ಮಾತು ಸಾಕು: ದಿನಕ್ಕೆ ನಾಲ್ಕು ಸಲ ಏರಿಳಿಯುವವನ ಆಯಾಸ ಗಂಟೆಗಳಲ್ಲಿ ಕಾಣುವುದಿಲ್ಲ, 2024ರ ಜನವರಿಯಲ್ಲಿ ಪ್ರಕಟವಾದ ಹೊಸ ನಿಯಮಗಳು ವಾರದ ವಿಶ್ರಾಂತಿಯನ್ನು 36 ಗಂಟೆಗಳಿಂದ 48ಕ್ಕೆ ಏರಿಸಿರುವುದು ಸರಿಯಾದ ಹೆಜ್ಜೆ.

ಹಾವೇರಿಯ ಹುಡುಗನಿಗೆ ಕಲಿಯುವ ಸ್ಥಳಗಳು ಹಿಂದಿಗಿಂತ ಸಮೀಪ ಬಂದಿವೆ. ಬೆಂಗಳೂರಿನ ಜಕ್ಕೂರಿನಲ್ಲಿ ಮೈಸೂರು ಸಂಸ್ಥಾನದ ಕೊನೆಯ ದಿನಗಳಿಂದ ಇರುವ ಸರಕಾರಿ ವೈಮಾನಿಕ ತರಬೇತಿ ಶಾಲೆಯಲ್ಲದೆ, ಬೆಳಗಾವಿ, ಕಲಬುರಗಿಗಳ ನಿಲ್ದಾಣಗಳಲ್ಲಿಯೂ ಖಾಸಗಿ ಶಾಲೆಗಳಿಗೆ ಅವಕಾಶವಾಗಿದೆ. 2025ರಿಂದ ಡಿಜಿಸಿಎ ಇಂಥ ಶಾಲೆಗಳಿಗೆ ಶ್ರೇಯಾಂಕವನ್ನು ಕೊಡುತ್ತಿದ್ದು ಅದನ್ನು ಯಾರು ಬೇಕಾದರೂ ನೋಡಬಹುದು. ಶಾಲೆಯಲ್ಲಿ ವಿಮಾನಗಳೆಷ್ಟು, ಬೋಧಕರೆಷ್ಟು, ಹಿಂದಿನ ತಂಡದವರು 200 ಗಂಟೆಗಳನ್ನು ಎಷ್ಟು ತಿಂಗಳಲ್ಲಿ ಮುಗಿಸಿದರು, ಇವನ್ನು ಕೇಳದೆ ಹಣ ಕಟ್ಟಬಾರದು. ಹಣವೇನೂ ಅಲ್ಪವಲ್ಲ: ಲೈಸೆನ್ಸಿಗೆ ಅರ್ಧ ಕೋಟಿಯ ಸಮೀಪ, ಟೈಪ್ ರೇಟಿಂಗಿಗೆ ಮತ್ತೆ ಹಲವು ಲಕ್ಷ. ಇಷ್ಟನ್ನು ಮೆಣಸಿನಕಾಯಿಯ, ಹತ್ತಿಯ, ಗೋವಿನಜೋಳದ ಬೆಳೆಯ ಭರವಸೆಯ ಮೇಲೆ ಎತ್ತುವ ಮನೆಯವರಿಗೆ, 2024ರ ಮಾರ್ಚಿನಲ್ಲಿ ಬೆಲೆ ಕುಸಿದು ಬ್ಯಾಡಗಿಯ ಮಾರುಕಟ್ಟೆಯಲ್ಲಿ ರೈತರ ಆಕ್ರೋಶ ಬೆಂಕಿಯಾದ ದಿನ ನೆನಪಿನಲ್ಲಿರಬೇಕು. ಬೆಳೆಯ ಬೆಲೆ, ವಿಮಾನಸಂಸ್ಥೆಯ ಆಯುಷ್ಯ, ಎರಡೂ ಅನಿಶ್ಚಿತ. ಒಂದರ ಮೇಲೆ ಸಾಲ ಎತ್ತಿ ಇನ್ನೊಂದರಿಂದ ತೀರಿಸುವ ಲೆಕ್ಕದಲ್ಲಿ, ಲೈಸೆನ್ಸು ದೊರೆತ ಮೇಲೆ ಎರಡು ವರ್ಷ ಕೆಲಸವಿಲ್ಲದಿದ್ದರೂ ಕಂತು ಕಟ್ಟುವ ಶಕ್ತಿ ಇದೆಯೆ ಎಂಬ ಪ್ರಶ್ನೆಗೆ ಉತ್ತರ ಇರಲೇಬೇಕು. ಇದೆಯೆಂದಾದರೆ ಧೈರ್ಯವಾಗಿ ಕಳುಹಿಸಿರಿ. ಪ್ರಾದೇಶಿಕ ಸಂಸ್ಥೆಯ ಕೆಲಸ ದೊರೆತರೆ ಸಂತೋಷದಿಂದ ಒಪ್ಪಿಕೊಳ್ಳಲಿ. ಆದರೆ ಎಲ್ಲಕ್ಕೂ ಮೊದಲು ಡಿಜಿಸಿಎ ಮಾನ್ಯಮಾಡಿದ ವೈದ್ಯರಲ್ಲಿ ಎರಡನೆಯ ದರ್ಜೆಯ, ತರುವಾಯ ಒಂದನೆಯ ದರ್ಜೆಯ ಶರೀರ ಪರೀಕ್ಷೆಯನ್ನು ಮಾಡಿಸಿರಿ. ಕಣ್ಣು, ಕಿವಿ, ಹೃದಯಗಳಲ್ಲಿ ಅಡ್ಡಿಯಿಲ್ಲವೆಂಬ ಪತ್ರ ಕೈಗೆ ಬರುವ ವರೆಗೆ ಹೊಲದ ಉತಾರವನ್ನು ಬ್ಯಾಂಕಿಗೆ ಒಯ್ಯಬೇಡಿರಿ.